"ಸರ್ವೆ ಆಗಿದೆ" ಅಂದರೆ ಯಾವ ಸರ್ವೆ? ಮನೆ, ಪ್ಲಾಟ್ ಕೊಳ್ಳುವ ಮುಂಚೆ ಮಾಡಿಸಬೇಕಾದ ತಪಾಸಣೆಗಳು, ಸಾಲಾಗಿ

ಗಂಗಾವತಿಯಲ್ಲಿ ನಾವು ಮನೆ ಕೊಂಡಾಗ ನಾನೂ ಇದೇ ತಪ್ಪು ಮಾಡಿದ್ದೆ. ಮಾರುವವರು "ಸರ್ವೆ ಎಲ್ಲಾ ಆಗಿದೆ" ಅಂದರು. ಬ್ಯಾಂಕಿನಿಂದ ಒಬ್ಬರು ಬಂದು ಹತ್ತು ನಿಮಿಷ ನೋಡಿ, ನಾಲ್ಕು ಫೋಟೊ ಹೊಡೆದುಕೊಂಡು ಹೋದರು. ಸಾಲ ಮಂಜೂರಾಯಿತು. ಬ್ಯಾಂಕೇ ಒಪ್ಪಿದ ಮೇಲೆ ಇನ್ನೇನು ಅಂತ ಸುಮ್ನಾದೆ. ಮುಂದಿನ ಏಪ್ರಿಲ್‌ನಲ್ಲಿ ಅಡುಗೆಮನೆ ಕಿಟಕಿಯ ಮೂಲೆಯಿಂದ ಛಾವಣಿವರೆಗೆ ಓರೆಯಾಗಿ ಬಿರುಕು ಬಿತ್ತು. ಎಂಜಿನಿಯರ್ ಬಂದು ನೋಡಿ ಕೇಳಿದ ಮೊದಲ ಪ್ರಶ್ನೆ: "ಕೊಳ್ಳೋ ಮುಂಚೆ ಯಾವ ಸರ್ವೆ ಮಾಡಿಸಿದ್ರಿ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ನೆಂಟರು, ಸ್ನೇಹಿತರು ಮನೆ ನೋಡುವಾಗೆಲ್ಲ ಜೊತೆಗೆ ಹೋಗುತ್ತಾ ಬಂದಿದ್ದೇನೆ. ಎಲ್ಲರೂ ಎಡವುವುದು ಒಂದೇ ಕಡೆ. "ಸರ್ವೆ" ಅನ್ನುವ ಒಂದು ಪದದಲ್ಲಿ ಐದು ಬೇರೆ ಬೇರೆ ಕೆಲಸ ಅಡಗಿವೆ: ದಾಖಲೆ ತಪಾಸಣೆ, ಹದ್ದುಬಸ್ತು (ಗಡಿಯ ಅಳತೆ), ಮಣ್ಣಿನ ಪರೀಕ್ಷೆ, ಕಟ್ಟಡದ ತಪಾಸಣೆ, ಬ್ಯಾಂಕಿನ ವ್ಯಾಲ್ಯುಯೇಷನ್ (ಬೆಲೆಯ ಅಂದಾಜು). ಒಂದು ಮಾಡಿಸಿದರೆ ಇನ್ನೊಂದು ಆದಂತೆ ಅಲ್ಲ. ಸಾಲು ತಪ್ಪಿದರೂ ದುಡ್ಡು ದಂಡ. ಹದ್ದೇ ಗೊತ್ತಿಲ್ಲದ ಜಾಗದಲ್ಲಿ ಮಣ್ಣು ಪರೀಕ್ಷೆ ಮಾಡಿಸಿ ಏನು ಪ್ರಯೋಜನ, ಅಲ್ವಾ?

## ಕೈಯಲ್ಲಿ ಇರಬೇಕಾದ ಸಾಮಾನು

30 ಮೀಟರ್‌ನ ಸ್ಟೀಲ್ ಟೇಪ್ (ಬಟ್ಟೆ ಟೇಪ್ ಬೇಡ, ಹಳೆಯದಾದಷ್ಟೂ ಹಿಗ್ಗುತ್ತದೆ), ನೈಲಾನ್ ದಾರ, ನಾಲ್ಕು ಗೂಟ, ಟಾರ್ಚ್, ಪೆನ್ಸಿಲ್, ಒಂದು ರೂಪಾಯಿ ನಾಣ್ಯ, ಮಕ್ಕಳು ಆಡುವ ಗೋಲಿ, ಗೌಂಡಿ ಬಳಸುವ ತೂಗುಗುಂಡು. ಫೋನಿನಲ್ಲಿ ದಿಶಾಂಕ್ ಆಪ್ (ನಿಂತ ಜಾಗದ ಸರ್ವೆ ನಂಬರ್ ತೋರಿಸುವುದು). ಜೊತೆಗೆ ಟೇಪಿನ ಇನ್ನೊಂದು ತುದಿ ಹಿಡಿಯಲು ಒಬ್ಬರು, ಆದರೆ ಅವರು ದಲ್ಲಾಳಿ ಆಗಿರಬಾರದು.

## ಹಂತ 1: ಕಾಗದದ ಸರ್ವೆ

ಜಾಗ ನೋಡಲು ಹೋಗುವ ಮುಂಚೆಯೇ ಇದು ಮುಗಿಯಬೇಕು. ಜಾಗ ನೋಡಿ ಮನಸ್ಸು ಕೂತುಬಿಟ್ಟರೆ ಕಾಗದದ ತಪ್ಪು ಕಣ್ಣಿಗೆ ಬೀಳುವುದಿಲ್ಲ.

ಮೊದಲು ಸರ್ವೆ ನಂಬರ್ ಮತ್ತು ಹಿಸ್ಸಾ ನಂಬರ್ (ಸರ್ವೆ ನಂಬರಿನೊಳಗಿನ ಭಾಗದ ನಂಬರ್) ಕೇಳಿ. ಅದರ ಪಹಣಿ (ನಮ್ಮ ಕಡೆ ಉತಾರ ಅಂತಲೂ ಅನ್ನುತ್ತಾರೆ) ಭೂಮಿ ವೆಬ್‌ಸೈಟಿನಲ್ಲಿ ಸಿಗುತ್ತದೆ. 9ನೇ ಕಾಲಂನಲ್ಲಿ ಮಾಲೀಕರ ಹೆಸರು ಮತ್ತು ವಿಸ್ತೀರ್ಣ ಇರುತ್ತದೆ. 11ನೇ ಕಾಲಂನಲ್ಲಿ ಸಾಲ ಮತ್ತು ಬೇರೆ ಹಕ್ಕುಗಳು ಇರುತ್ತವೆ. ಜನ 9 ನೋಡಿ ಮುಚ್ಚಿಡುತ್ತಾರೆ. ಕಷ್ಟ ಕೂತಿರುವುದು 11ರಲ್ಲಿ.

ಪಹಣಿಯ ವಿಸ್ತೀರ್ಣವನ್ನು ಆಕಾರ್‌ಬಂದ್ ಜೊತೆ ಹೋಲಿಸಿ. ಆಕಾರ್‌ಬಂದ್ ಅಂದರೆ ಪ್ರತಿ ಸರ್ವೆ ನಂಬರಿಗೆ ಎಷ್ಟು ಜಾಗ, ಅದರಲ್ಲಿ ಎಷ್ಟು ಖರಾಬು ಅಂತ ಸರ್ವೆ ಇಲಾಖೆ ಇಟ್ಟಿರುವ ಪಟ್ಟಿ. ಎರಡೂ ತಾಳೆ ಆಗದ ಸರ್ವೆ ನಂಬರುಗಳು ಬೇಕಾದಷ್ಟಿವೆ. ಖರಾಬಿನಲ್ಲೂ ಎರಡು ಬಗೆ. ಎ ಖರಾಬು ಅಂದರೆ ಬೇಸಾಯಕ್ಕೆ ಬಾರದ ಜಾಗ. ಬಿ ಖರಾಬು ಅಂದರೆ ಹಳ್ಳ, ದಾರಿ, ಸ್ಮಶಾನದಂಥ ಸಾರ್ವಜನಿಕ ಜಾಗ. ಬಿ ಖರಾಬಿನ ಮೇಲೆ ಯಾರು ಪ್ಲಾಟ್ ಮಾಡಿ ಮಾರಿದರೂ ಅದು ನಿಮ್ಮದಾಗುವುದಿಲ್ಲ.

ಆಮೇಲೆ ಇಸಿ, ಅಂದರೆ ಋಣಭಾರ ಪತ್ರ, ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಅಡಮಾನಗಳ ಪಟ್ಟಿ. ಇಲ್ಲೊಂದು ಗುಂಡಿ ಇದೆ. ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಸಿಗುವ ಇಸಿ 2004ರ ಏಪ್ರಿಲ್‌ನಿಂದ ಈಚಿನದು. ಅದಕ್ಕೂ ಹಿಂದಿನದು ಬೇಕಾದರೆ ಉಪನೋಂದಣಿ ಕಚೇರಿಯಲ್ಲಿ ಅರ್ಜಿ ಕೊಟ್ಟು ಹಳೆ ಪುಸ್ತಕ ಹುಡುಕಿಸಬೇಕು. ಬಹಳ ಜನ ಆನ್‌ಲೈನ್ ಪ್ರತಿ ತೆಗೆದು "ಇಸಿ ಕ್ಲಿಯರ್" ಅಂತಾರೆ. ಕನಿಷ್ಠ 30 ವರ್ಷದ್ದು ನೋಡಿ. ಇನ್ನೊಂದು ಮಾತು: ನೋಂದಣಿ ಆಗದ ಕರಾರು, ಬಾಯಿಮಾತಿನ ಪಾಲು, ಕೋರ್ಟಿನಲ್ಲಿರುವ ದಾವೆ ಇವು ಇಸಿಯಲ್ಲಿ ಕಾಣುವುದಿಲ್ಲ. ಅದಕ್ಕೆ ವಕೀಲರೇ ಬೇಕು. ಸರ್ಕಾರ ಪರಿಶಿಷ್ಟರಿಗೆ ಮಂಜೂರು ಮಾಡಿದ ಜಮೀನಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆ, ಅನುಮತಿ ಇಲ್ಲದ ಮಾರಾಟ ನಿಲ್ಲುವುದಿಲ್ಲ. ಈ ಪ್ರಶ್ನೆಯನ್ನು ವಕೀಲರಿಗೆ ನೀವೇ ಬಾಯಿಬಿಟ್ಟು ಕೇಳಿ.

ಕೊನೆಗೆ ಖಾತಾ. ಊರಿನ ಹೊರಗೆ, ಪಂಚಾಯಿತಿ ವ್ಯಾಪ್ತಿಯಲ್ಲಿ ಇ-ಸ್ವತ್ತಿನ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ನಮೂನೆ 9 ಮತ್ತು 11ಎ ಇರಬೇಕು. ಕೈಗೆ 11ಬಿ ಕೊಟ್ಟರೆ ಆ ಆಸ್ತಿ ಸಕ್ರಮ ಪಟ್ಟಿಯಲ್ಲಿ ಇಲ್ಲ ಅಂತಲೇ ಅರ್ಥ. ನಗರದೊಳಗೆ ಇ-ಆಸ್ತಿಯ (ನಗರದ ಆಸ್ತಿಗಳ ಆನ್‌ಲೈನ್ ದಾಖಲೆ) ಖಾತಾ ನೋಡಿ. ಹೊಲವನ್ನು ಪ್ಲಾಟ್ ಮಾಡಿದ್ದರೆ ಎನ್‌ಎ (ಕೃಷಿಯೇತರ ಬಳಕೆಯ) ಆದೇಶ ಬೇರೆ, ಬಡಾವಣೆಯ ನಕ್ಷೆಗೆ ಒಪ್ಪಿಗೆ ಬೇರೆ. ಮೊದಲನೆಯದನ್ನು ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಜಿಲ್ಲಾಧಿಕಾರಿ ಕೊಡುತ್ತಾರೆ. ಎರಡನೆಯದು ಬಳ್ಳಾರಿಯಲ್ಲಾದರೆ ಬುಡಾದಿಂದ (ನಗರಾಭಿವೃದ್ಧಿ ಪ್ರಾಧಿಕಾರ) ಬರಬೇಕು. "ಎನ್‌ಎ ಆಗಿದೆ" ಅಂದ ತಕ್ಷಣ ಎರಡೂ ಆಗಿದೆ ಅಂದುಕೊಳ್ಳುವುದು ನಮ್ಮ ಕಡೆಯ ದೊಡ್ಡ ರೋಗ.

## ಹಂತ 2: ಚುಕ್ಕೆಯ ಮುಂದೆ ಏನಿದೆ ಅಂತ ಕೇಳುವುದು

ಇದು ಚಿಕ್ಕ ಹಂತ, ಆದರೆ ಬಿಟ್ಟರೆ ಲಕ್ಷಗಟ್ಟಲೆ ಹೋಗುತ್ತದೆ.

ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿತ್ತು. ರಾಯಚೂರು, ಕೊಪ್ಪಳ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಹೀಗಾಗಿ ಬಳ್ಳಾರಿ, ಸಿರುಗುಪ್ಪ ಕಡೆಯವರ ಬಾಯಲ್ಲಿ ಸೆಂಟ್ಸ್ ಬರುತ್ತದೆ. ಹೊಳೆ ದಾಟಿ ಸಿಂಧನೂರಿಗೆ ಬಂದರೆ ಗುಂಟೆ. ಎಕರೆಗೆ 100 ಸೆಂಟ್ಸ್, ಆದರೆ 40 ಗುಂಟೆ. ಒಂದು ಸೆಂಟ್ 435.6 ಚದರ ಅಡಿ, ಒಂದು ಗುಂಟೆ 1,089 ಚದರ ಅಡಿ.

"1.20 ಎಕರೆ" ಅಂತ ಬರೆದ ಚೀಟಿ ಕೈಯಲ್ಲಿದೆ ಅಂದುಕೊಳ್ಳಿ. ಗುಂಟೆಯ ಲೆಕ್ಕದಲ್ಲಿ ಅದು ಒಂದೂವರೆ ಎಕರೆ. ಸೆಂಟ್ಸ್ ಲೆಕ್ಕದಲ್ಲಿ ಒಂದು ಎಕರೆ ಮತ್ತು ಐದನೇ ಒಂದು ಭಾಗ ಅಷ್ಟೇ. ಎರಡರ ನಡುವೆ 13,000 ಚದರ ಅಡಿಗೂ ಜಾಸ್ತಿ ವ್ಯತ್ಯಾಸ. ಚೀಟಿಯ ಮೇಲೆ ಯಾವುದು ಅಂತ ಅಕ್ಷರದಲ್ಲಿ ಬರೆಸಿಕೊಳ್ಳಿ.

ಖಾತಾ ನಮೂನೆಗಳಲ್ಲಿ ಅಳತೆ ಚದರ ಮೀಟರಿನಲ್ಲಿ ಇರುತ್ತದೆ. 30-40ರ ಸೈಟು ಅಂದರೆ 1,200 ಚದರ ಅಡಿ, ಅಂದರೆ ಸುಮಾರು 111.5 ಚದರ ಮೀಟರ್. ನಮೂನೆಯಲ್ಲಿ 105 ಅಂತಿದ್ದರೆ ಮಾತನಾಡಲು ವಿಷಯ ಇದೆ ಅಂತಾಯಿತು.

## ಹಂತ 3: ಹದ್ದಿನ ಸರ್ವೆ, ಅದರಲ್ಲೂ ಮೂರು ಬಗೆ

ನಿಜವಾದ "ಸರ್ವೆ" ಅಂದರೆ ಇದು. ಆದರೆ ಹದ್ದುಬಸ್ತು, 11ಇ ನಕ್ಷೆ, ಪೋಡಿ ಈ ಮೂರನ್ನೂ ಒಂದೇ ಅಂತ ಜನ ಗೊಂದಲ ಮಾಡಿಕೊಳ್ಳುತ್ತಾರೆ.

ಒಂದು ಸರ್ವೆ ನಂಬರಿನ ಗಡಿ ನೆಲದ ಮೇಲೆ ಎಲ್ಲಿದೆ ಅಂತ ಅಳೆದು ಗುರುತು ಮಾಡುವುದು ಹದ್ದುಬಸ್ತು. ಒಂದು ಸರ್ವೆ ನಂಬರಿನಲ್ಲಿ ಒಂದು ಭಾಗ ಮಾತ್ರ ಮಾರುವಾಗ, ಯಾವ ಭಾಗ ಅಂತ ನೋಂದಣಿಗೆ ಮುಂಚೆ ಬಿಡಿಸಿ ತೋರಿಸುವುದು 11ಇ ನಕ್ಷೆ. ಒಟ್ಟಿಗಿರುವ ಪಹಣಿಯನ್ನು ಒಡೆದು ಪ್ರತಿಯೊಬ್ಬರಿಗೂ ಬೇರೆ ಹಿಸ್ಸಾ ನಂಬರ್ ಮತ್ತು ನಕ್ಷೆ ಕೊಡುವುದು ಪೋಡಿ. ಪೋಡಿ ಆಗದ ಜಮೀನಿನಲ್ಲಿ ಅಣ್ಣತಮ್ಮಂದಿರು "ಈ ಬೇವಿನ ಮರದಿಂದ ಆಚೆ ನಂದು" ಅಂತ ತೋರಿಸುತ್ತಾರೆ. ಮರ ಕಡಿದ ದಿನ ಜಗಳ ಶುರು.

ಕೆಲಸದ ಸಾಲು ಹೀಗೆ.

ಮೊದಲು, ಅರ್ಜಿ ಹಾಕಬೇಕಾದವರು ಪಹಣಿಯಲ್ಲಿ ಹೆಸರಿರುವ ಮಾಲೀಕರು, ಕೊಳ್ಳುವ ನೀವಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಜನ ನಾಡಕಚೇರಿಗೆ ಎರಡು ಮೂರು ಸಲ ಅಲೆದು ಬರುತ್ತಾರೆ. ಹಾಗಾಗಿ ಇಸಾರ (ಮುಂಗಡ) ಕೊಡುವ ಮುಂಚೆ "ನೀವು ಹದ್ದುಬಸ್ತಿಗೆ ಅರ್ಜಿ ಹಾಕಿ, ಫೀ ನಾನು ಕಟ್ಟುತ್ತೇನೆ" ಅನ್ನಿ. ಮಾರುವವರು ಒಪ್ಪದೆ ಜಾರಿಕೊಂಡರೆ ಅದೇ ನಿಮಗೆ ಸಿಕ್ಕ ಸರ್ವೆ ವರದಿ.

ಎರಡನೆಯದು, ಅರ್ಜಿ ಆದ ಮೇಲೆ ಸರ್ಕಾರಿ ಅಥವಾ ಪರವಾನಗಿ ಪಡೆದ ಭೂಮಾಪಕರಿಗೆ ಕೆಲಸ ಹಂಚಿಕೆ ಆಗುತ್ತದೆ. ಅವರು ಅಕ್ಕಪಕ್ಕದವರಿಗೆ ನೋಟಿಸ್ ಕೊಟ್ಟು ದಿನ ಗೊತ್ತು ಮಾಡುತ್ತಾರೆ. ನೋಟಿಸ್ ಕೊಡದೆ ಗಡಿಬಿಡಿಯಲ್ಲಿ ಅಳೆದರೆ ಮುಂದೆ ಪಕ್ಕದವರು ಒಪ್ಪುವುದಿಲ್ಲ.

ಮೂರನೆಯದು, ಅಳತೆಯ ದಿನ ನೀವು ಖುದ್ದಾಗಿ ಇರಿ. ಭೂಮಾಪಕರು ಎಲ್ಲಿಂದ ಶುರು ಮಾಡುತ್ತಾರೆ ನೋಡಿ. ಹಳೆ ಬಾಂದುಕಲ್ಲು (ಗಡಿಕಲ್ಲು) ಅಥವಾ ಮೂರು ಸರ್ವೆ ನಂಬರು ಕೂಡುವ ಜಾಗದಿಂದ ಶುರು ಮಾಡಿ, ಟಿಪ್ಪಣಿಯ (ಸರ್ವೆ ಇಲಾಖೆಯ ಮೂಲ ಅಳತೆ ನಕ್ಷೆ) ಅಳತೆ ನೋಡುತ್ತಾ ಬಂದರೆ ಸರಿ. ಈಗಿರುವ ಕಾಂಪೌಂಡ್ ಗೋಡೆಯಿಂದಲೇ ಶುರು ಮಾಡಿದರೆ ತಪ್ಪು. ಗೋಡೆ ಕಟ್ಟಿದವರೇ ಒತ್ತುವರಿ ಮಾಡಿದ್ದರೆ?

ನಾಲ್ಕನೆಯದು, ಗುರುತು ಮಾಡಿದ ಪ್ರತಿ ಮೂಲೆಯ ಫೋಟೊ ತೆಗೆದುಕೊಳ್ಳಿ. ಹಿಂದೆ ಬದಲಾಗದಂಥದ್ದು ಏನಾದರೂ ಕಾಣಬೇಕು: ಕರೆಂಟ್ ಕಂಬ, ಗುಡಿಯ ಕಟ್ಟೆ, ಕಾಲುವೆಯ ತೂಬು.

ದಿಶಾಂಕ್ ಆಪ್ ಬಗ್ಗೆ ಒಂದು ಮಾತು. ನೀವು ನಿಂತಿರುವ ಜಾಗ ಯಾವ ಸರ್ವೆ ನಂಬರಿನಲ್ಲಿದೆ ಅಂತ ಅದು ತೋರಿಸುತ್ತದೆ. ದಲ್ಲಾಳಿ ಒಂದು ನಂಬರ್ ಹೇಳಿ ಇನ್ನೊಂದು ಹೊಲ ತೋರಿಸುತ್ತಿದ್ದರೆ ಅಲ್ಲೇ ಗೊತ್ತಾಗುತ್ತದೆ, ಅಷ್ಟಕ್ಕೆ ಬಹಳ ಒಳ್ಳೆಯದು. ಆದರೆ ಫೋನಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ಹೋಗುತ್ತದೆ. ಅದನ್ನು ನೋಡಿ ಕಲ್ಲು ನೆಡಬೇಡಿ.

ಬಡಾವಣೆಯ ಪ್ಲಾಟ್ ಆದರೆ ನೋಡಬೇಕಾದದ್ದು ಬೇರೆ. ಒಪ್ಪಿಗೆ ಪಡೆದ ಬಡಾವಣೆ ನಕ್ಷೆ ಕೈಯಲ್ಲಿ ಹಿಡಿದು, ರಸ್ತೆಯ ಅಗಲ ಅಳೆಯಿರಿ. ನಕ್ಷೆಯಲ್ಲಿ 9 ಮೀಟರ್ ಇದ್ದು ನೆಲದ ಮೇಲೆ ಏಳೂವರೆ ಇದ್ದರೆ ಯಾರೋ ರಸ್ತೆ ತಿಂದಿದ್ದಾರೆ. ಅದು ನಿಮ್ಮ ಪ್ಲಾಟಿನ ಸಾಲೇ ಆಗಿರಬಹುದು. ಅಂಚಿನ ಪ್ಲಾಟುಗಳಲ್ಲಿ ಇನ್ನೂ ಎಚ್ಚರ ಬೇಕು. ಬಡಾವಣೆ ಸ್ವಲ್ಪ ಜಾರಿ ಪಕ್ಕದ ಸರ್ವೆ ನಂಬರಿಗೋ ಹಳ್ಳಕ್ಕೋ ಹೋಗಿದ್ದರೆ ಮೊದಲು ಹೊಡೆತ ತಿನ್ನುವುದು ಅವೇ. ತುಂಗಭದ್ರಾ ಎಡದಂಡೆ ಕಾಲುವೆಯ ಉಪಕಾಲುವೆಗಳ ಪಕ್ಕ ಗದ್ದೆ ಒಡೆದು ಮಾಡಿದ ಬಡಾವಣೆಗಳಲ್ಲಿ, ಕಾಲುವೆಗೆ ಸ್ವಾಧೀನವಾದ ಜಾಗ ಎಲ್ಲಿಗೆ ಮುಗಿಯುತ್ತದೆ ಅಂತ ನೀರಾವರಿ ಕಚೇರಿಯಲ್ಲಿ ವಿಚಾರಿಸದೆ ಮುಂದೆ ಹೋಗಬೇಡಿ.

ಹಳ್ಳಿಯ ಊರೊಳಗಿನ ಮನೆ ಆದರೆ 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯ ಡ್ರೋನ್ ಸರ್ವೆ ಆಗಿದೆಯಾ ಕೇಳಿ. ಅದರಲ್ಲಿ ನೆಲದ ಮೇಲೆ ಸುಣ್ಣದಿಂದ ಗುರುತು ಹಾಕಿ ಮೇಲಿನಿಂದ ಚಿತ್ರ ತೆಗೆಯುತ್ತಾರೆ. ಸುಣ್ಣ ಎಲ್ಲಿ ಬಿತ್ತೋ ಅಲ್ಲೇ ಗಡಿ ಕಾಣುತ್ತದೆ. ಹಾಗಾಗಿ ಹಳೆ ಕ್ರಯಪತ್ರದ ಚಕ್ಕುಬಂದಿ (ನಾಲ್ಕೂ ದಿಕ್ಕಿಗೆ ಯಾರದು, ಏನಿದೆ ಅನ್ನುವ ವಿವರ) ಜೊತೆ ತಾಳೆ ನೋಡಿ. ಹಳೆ ಪತ್ರದ ಚಕ್ಕುಬಂದಿಯಲ್ಲಿರುವ ಹೆಸರಿನವರು ತೀರಿಹೋಗಿ ಎಷ್ಟೋ ಕಾಲವಾಗಿರುತ್ತದೆ. ಓಣಿಯ ಹಿರಿಯರನ್ನು ಕೇಳಿದರೆ ಯಾರ ಮನೆ ಯಾರದಾಯಿತು ಅಂತ ಹೇಳುತ್ತಾರೆ.

## ಹಂತ 4: ನೀವೇ ಟೇಪ್ ಹಿಡಿಯುವುದು

ನಾಲ್ಕು ಬದಿ ಅಳೆದು ಖುಷಿ ಪಡಬೇಡಿ. ಕರ್ಣ ಅಳೆಯಿರಿ, ಅಂದರೆ ಮೂಲೆಯಿಂದ ಎದುರು ಮೂಲೆಗೆ. 30-40ರ ಸೈಟು ನೆಟ್ಟಗಿದ್ದರೆ ಎರಡೂ ಕರ್ಣ ಸರಿಯಾಗಿ 50 ಅಡಿ ಬರಬೇಕು. ನಾಲ್ಕೂ ಬದಿ ಸರಿಯಿದ್ದು ಒಂದು ಕರ್ಣ 42 ಬಂದರೆ ಸೈಟು ಓರೆಯಾಗಿದೆ, ಜಾಗ ಸುಮಾರು 1,142 ಚದರ ಅಡಿಗೆ ಇಳಿದಿದೆ. 58 ಚದರ ಅಡಿ ಹೋಯಿತು, ನೀವು ದುಡ್ಡು ಕೊಡುವುದು ಮಾತ್ರ 1,200ಕ್ಕೆ. ಅದಕ್ಕಿಂತ ಕಷ್ಟ ಅಂದರೆ ಓರೆ ಜಾಗದಲ್ಲಿ ಚೌಕ ಕೋಣೆ ಕೂರಿಸುವುದು.

## ಹಂತ 5: ಮಣ್ಣು

ಬೇರೆ ಊರಿನವರು ಈ ಹಂತ ಬಿಟ್ಟರೂ ನಡೆದೀತು, ನಮ್ಮ ಕಡೆ ನಡೆಯುವುದಿಲ್ಲ. ರಾಯಚೂರು, ಸಿಂಧನೂರು, ಗಂಗಾವತಿ, ಸಿರುಗುಪ್ಪ ಸುತ್ತ ಎರೆ ಭೂಮಿ ಜಾಸ್ತಿ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲದಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುವುದನ್ನು ನೋಡೇ ಇರುತ್ತೀರಿ. ಅದೇ ಆಟ ನಿಮ್ಮ ಬುನಾದಿಯ ಕೆಳಗೂ ನಡೆಯುತ್ತದೆ. ಎಂಜಿನಿಯರ್‌ಗಳು ಸಾಮಾನ್ಯವಾಗಿ ಮೇಲಿನ ಮೂರೂವರೆ ಮೀಟರ್‌ವರೆಗೆ ಈ ಹಿಗ್ಗು ಕುಗ್ಗು ಇರುತ್ತದೆ ಅಂತ ಲೆಕ್ಕ ಹಿಡಿಯುತ್ತಾರೆ.

ಲ್ಯಾಬಿಗೆ ಹೋಗುವ ಮುಂಚೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಎರಡು ಮೂರು ಅಡಿ ಆಳದ ಮಣ್ಣು ತೆಗೆಯಿರಿ. ಚೆನ್ನಾಗಿ ಒಣಗಿಸಿ, ಪುಡಿ ಮಾಡಿ, ಜರಡಿ ಹಿಡಿಯಿರಿ. ಅಳತೆಯ ಗೆರೆ ಇರುವ ಎರಡು ಗಾಜಿನ ಜಾಡಿಗೆ ಒಂದೇ ತೂಕದ ಪುಡಿ ಹಾಕಿ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಕಲಕಿ ಒಂದು ದಿನ ಬಿಡಿ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ಸೀಮೆಎಣ್ಣೆಯದು 10ನೇ ಗೆರೆಯಲ್ಲಿ, ನೀರಿನದು 16ನೇ ಗೆರೆಯಲ್ಲಿ ನಿಂತರೆ ಉಬ್ಬು ಶೇ 60. ಶೇ 50 ದಾಟಿದರೆ ಸಾದಾ ಬುನಾದಿ ಸಾಕಾಗುವುದಿಲ್ಲ, ಎಂಜಿನಿಯರ್ ಕೇಳದೆ ಕಟ್ಟಬೇಡಿ. ಲ್ಯಾಬಿನಲ್ಲಿ ಮಾಡುವುದೂ ಮೂಲದಲ್ಲಿ ಇದೇ, ಆದರೆ ಅವರ ತೂಕ, ಜರಡಿ ಎಲ್ಲ ಪಕ್ಕಾ ಇರುತ್ತದೆ. ಖರೀದಿ ದೊಡ್ಡದಾದರೆ ಲ್ಯಾಬಿನದೇ ಮಾಡಿಸಿ.

ಕಟ್ಟಿದ ಮನೆ ಆದರೆ ಕೇಳಬೇಕಾದ ಪ್ರಶ್ನೆ ಒಂದೇ: ಬುನಾದಿ ಎರೆ ದಾಟಿ ಮೊರಂಗೆ (ಕೆಳಗಿನ ಗಟ್ಟಿ ಗರಸು ಮಣ್ಣು) ಮುಟ್ಟಿದೆಯಾ? ಮಾಲೀಕರು "ಭಾರೀ ಗಟ್ಟಿ ಪಾಯ ರೀ" ಅಂತಾರೆ. ಕಟ್ಟಿದ ಗೌಂಡಿಯನ್ನು ಹುಡುಕಿ ಕೇಳಿ. ನಮ್ಮ ಊರುಗಳಲ್ಲಿ ಗೌಂಡಿ ಸಿಗುವುದು ಕಷ್ಟವಲ್ಲ, ಒಂದು ಚಹಾ ಕುಡಿಸಿದರೆ ಎಷ್ಟು ಅಡಿ ತೆಗೆದೆವು ಅಂತ ನಿಜ ಹೇಳುತ್ತಾರೆ.

ನೀರಾವರಿ ಪ್ರದೇಶದಲ್ಲಿ ಇನ್ನೊಂದು ತಲೆನೋವು ಸವಳು. ವರ್ಷಗಟ್ಟಲೆ ಭತ್ತಕ್ಕೆ ನೀರು ನಿಲ್ಲಿಸಿದ ಗದ್ದೆಯಲ್ಲಿ ಉಪ್ಪು ಮೇಲೆ ಬಂದಿರುತ್ತದೆ. ಅಲ್ಲಿ ಕಟ್ಟಿದ ಮನೆಯ ಗೋಡೆಯ ಬುಡದಲ್ಲಿ ಬಿಳಿ ಹಿಟ್ಟಿನಂತೆ ಉಪ್ಪು ಕೂತು ಬಣ್ಣ ಉದುರುತ್ತದೆ.

## ಹಂತ 6: ಕಟ್ಟಡದ ತಪಾಸಣೆ

ಮೊದಲ ಭೇಟಿಗೆ ಎಂಜಿನಿಯರ್ ಬೇಡ, ನೀವೇ ಹೋಗಿ. ಎರಡನೆಯದಕ್ಕೆ ಕರೆದುಕೊಂಡು ಹೋಗಿ. ಮನೆಗೂ ಮಾರುವವರಿಗೂ ದಲ್ಲಾಳಿಗೂ ಸಂಬಂಧ ಇಲ್ಲದ ಸಿವಿಲ್ ಎಂಜಿನಿಯರ್ ಆಗಿರಬೇಕು. ವರದಿ ಬರಹದಲ್ಲಿ ಬೇಕು ಅಂತ ಮೊದಲೇ ಹೇಳಿ.

ಯಾವಾಗ ಹೋಗಬೇಕು? ಎರೆ ಮಣ್ಣಿನ ಮನೆಯ ಬಿರುಕು ಮೇ ತಿಂಗಳಲ್ಲಿ ಬಾಯಿ ಬಿಡುತ್ತದೆ, ಮಳೆಗಾಲದಲ್ಲಿ ಮುಚ್ಚಿಕೊಳ್ಳುತ್ತದೆ. ತೇವ, ಸೋರಿಕೆ ಇದಕ್ಕೆ ಉಲ್ಟಾ. ಸಾಧ್ಯವಾದರೆ ಎರಡೂ ಕಾಲದಲ್ಲಿ ನೋಡಿ. ನಾನು ನಮ್ಮ ಮನೆ ನೋಡಿದ್ದು ಅಕ್ಟೋಬರಿನಲ್ಲಿ, ಹೊಸ ಬಣ್ಣ ಬಳಿದ ಮೇಲೆ. ಬಿರುಕೂ ಇಲ್ಲ, ಸೋರಿಕೆಯೂ ಇಲ್ಲ, ಎಷ್ಟು ಚಂದದ ಮನೆ ಅನ್ನಿಸಿತ್ತು!

ಒಳಗೆ ಹೋದ ಮೇಲೆ ಬಾಗಿಲು ಕಿಟಕಿ ಎಲ್ಲ ತೆರೆದು ಮುಚ್ಚಿ. ಒಂದೇ ಕಡೆಯ ಎರಡು ಮೂರು ಬಾಗಿಲು ಹಿಡಿದರೆ ಚೌಕಟ್ಟು ಓರೆಯಾಗಿದೆ. ನೆಲದ ಮೇಲೆ ಗೋಲಿ ಇಡಿ. ಬಚ್ಚಲಲ್ಲಿ ಉರುಳಬೇಕು, ಪಡಸಾಲೆಯಲ್ಲಿ ಉರುಳಬಾರದು. ಗೋಡೆಯ ಪಕ್ಕ ತೂಗುಗುಂಡು ಇಳಿಬಿಡಿ.

ಬಿರುಕಿನಲ್ಲಿ ಜಾತಿ ಇದೆ. ಜೇಡರ ಬಲೆಯಂತೆ ಸಣ್ಣ ಗೆರೆಗಳು ಗಾರೆಯವು, ಹೆದರಬೇಡಿ. ಪಿಲ್ಲರ್ ಮತ್ತು ಇಟ್ಟಿಗೆ ಗೋಡೆ ಸೇರುವಲ್ಲಿ ನೆಟ್ಟಗಿನ ಗೆರೆ ಸಾಮಾನ್ಯ, ರಿಪೇರಿ ಆಗುತ್ತದೆ. ಕಿಟಕಿ, ಬಾಗಿಲ ಮೂಲೆಯಿಂದ ಓರೆಯಾಗಿ ಏರುವ, ಒಂದು ತುದಿಯಲ್ಲಿ ಅಗಲ ಇನ್ನೊಂದರಲ್ಲಿ ಸಣ್ಣ ಇರುವ ಬಿರುಕು ಬುನಾದಿ ಅಲುಗಿದ್ದಕ್ಕೆ ಗುರುತು. ರೂಪಾಯಿ ನಾಣ್ಯದ ಅಂಚು ಅದರಲ್ಲಿ ತೂರಿದರೆ ಅಂದೇ ಮಾತು ನಿಲ್ಲಿಸಿ, ಎಂಜಿನಿಯರ್ ಬರುವವರೆಗೆ. ಬಿರುಕು ಬೆಳೆಯುತ್ತಿದೆಯಾ ತಿಳಿಯಲು ಅದರ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆಯಿರಿ, ತಿಂಗಳು ಬಿಟ್ಟು ನೋಡಿ. ನಮ್ಮ ಅಡುಗೆಮನೆಯ ಗೋಡೆಯ ಮೇಲೆ ಈಗ ತಾರೀಖುಗಳ ಒಂದು ಪಟ್ಟಿಯೇ ಇದೆ.

ಮೇಲೆ ನೋಡಿ. ಸ್ಲ್ಯಾಬಿನ ಅಡಿಯಲ್ಲಿ ಕಂದು ಕಲೆ ಇದ್ದರೆ ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತಿದೆ. ಸಿಮೆಂಟ್ ಉದುರಿ ಸರಳು ಕಂಡರೆ ಆ ಹಂತ ದಾಟಿದೆ. ಅನುಮಾನ ಇದ್ದರೆ ಎಂಜಿನಿಯರ್ ರಿಬೌಂಡ್ ಹ್ಯಾಮರ್ ತಂದು ಕಾಂಕ್ರೀಟ್ ಗಟ್ಟಿ ಇದೆಯಾ ಪರೀಕ್ಷೆ ಮಾಡಬಹುದು. ಹಳೆ ಮಾಳಿಗೆ ಮನೆಯಾದರೆ ತೊಲೆಗಳು ಗೋಡೆಯೊಳಗೆ ಹೋಗುವ ತುದಿಯನ್ನು ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಗೆದ್ದಲು. ನಡುವೆ ತಟ್ಟಿ ಪ್ರಯೋಜನವಿಲ್ಲ, ಅದು ಶುರುವಾಗುವುದು ತುದಿಯಲ್ಲಿ.

ಎಚ್ಚರಿಕೆಯ ಗುರುತುಗಳು ಇನ್ನೂ ಕೆಲವಿವೆ. ಒಂದೇ ಒಂದು ಗೋಡೆಗೆ ಹೊಸ ಬಣ್ಣ. ಗೋಡೆಯ ಬುಡಕ್ಕೆ ಮಾತ್ರ ಮೂರು ಅಡಿ ಟೈಲ್ಸ್. ಸರಿಸಲು ಬಿಡದ ಬೀರು. ಮತ್ತೆ ಮತ್ತೆ "ಅಲ್ಲೇನಿಲ್ಲ ಬರ್ರಿ" ಅನ್ನುವ ಮಾಲೀಕರು.

## ಹಂತ 7: ಬ್ಯಾಂಕಿನ ವ್ಯಾಲ್ಯುಯೇಷನ್, ಕಟ್ಟಕಡೆಗೆ

ಬ್ಯಾಂಕಿನವರು ಬರುವುದು ನಿಮಗಾಗಿ ಅಲ್ಲ. ನೀವು ಕಂತು ಕಟ್ಟದಿದ್ದರೆ ಮನೆ ಮಾರಿ ಸಾಲ ವಸೂಲಿ ಆಗುತ್ತದಾ ಅನ್ನುವುದಷ್ಟೇ ಅವರ ಪ್ರಶ್ನೆ. ಫೀ ಮಾತ್ರ ನಿಮ್ಮದು. ಬಿರುಕು, ಮಣ್ಣು, ಗೆದ್ದಲು ಅವರ ಕೆಲಸವಲ್ಲ. ಬ್ಯಾಂಕಿನ ವಕೀಲರ ಅಭಿಪ್ರಾಯವೂ ಬ್ಯಾಂಕಿಗೇ.

ಆದರೂ ಅದರಿಂದ ಒಂದು ಉಪಯೋಗ ಇದೆ. ಆರ್‌ಬಿಐ ನಿಯಮದಂತೆ 30 ಲಕ್ಷದವರೆಗಿನ ಗೃಹಸಾಲಕ್ಕೆ ಆಸ್ತಿಯ ಬೆಲೆಯ ಶೇ 90ರವರೆಗೆ, 30ರಿಂದ 75 ಲಕ್ಷದವರೆಗೆ ಶೇ 80, ಅದರ ಮೇಲೆ ಶೇ 75ರವರೆಗೆ ಸಾಲ ಕೊಡಬಹುದು. ಆ ಬೆಲೆ ನಿರ್ಧಾರ ಆಗುವುದು ಈ ವರದಿಯಿಂದ. ನೀವು 40 ಲಕ್ಷಕ್ಕೆ ಮಾತಾಡಿದ ಮನೆಗೆ ಅವರು 32 ಅಂತ ಬರೆದರೆ ಎಲ್ಲಿ ಕಡಿಮೆ ಆಯಿತು ಅಂತ ಕೇಳಿ. ಬಹಳ ಸಲ ಒಪ್ಪಿಗೆ ಇಲ್ಲದೆ ಎತ್ತಿದ ಮೇಲಿನ ಮಹಡಿಯನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಪ್ರತಿ ಕೇಳಿ. ಕೊಡದಿದ್ದರೂ ಅಂಕಿ ಹೇಳುತ್ತಾರೆ.

## ದುಡ್ಡು ಯಾವ ಹಂತದಲ್ಲಿ ಕೊಡಬೇಕು

ಹಂತ 1 ಮತ್ತು 2 ಮುಗಿಯುವವರೆಗೆ ಒಂದು ಪೈಸೆ ಬೇಡ. ಅದಾದ ಮೇಲೆ ಸಣ್ಣ ಇಸಾರ, ಕರಾರಿನ ಜೊತೆ. ಕರಾರಿನಲ್ಲಿ ಮೂರು ಮಾತು ಇರಲೇಬೇಕು: ಹದ್ದುಬಸ್ತಿಗೆ ಮಾಲೀಕರೇ ಅರ್ಜಿ ಹಾಕುತ್ತಾರೆ, ಅಳತೆ ಕಡಿಮೆ ಬಂದರೆ ಬೆಲೆ ಚದರ ಅಡಿ ಲೆಕ್ಕದಲ್ಲಿ ಇಳಿಯುತ್ತದೆ, ಎಂಜಿನಿಯರ್ ವರದಿಯಲ್ಲಿ ಬುನಾದಿಯ ದೋಷ ಬಂದರೆ ಇಸಾರ ವಾಪಸ್. ಕೊನೆಯದಕ್ಕೆ ಮಾರುವವರು ಮುಖ ಸಿಂಡರಿಸುತ್ತಾರೆ. "ವಾಪಸ್ ಬೇಡ, ರಿಪೇರಿ ಖರ್ಚು ಬೆಲೆಯಲ್ಲಿ ಮುರಿದುಕೊಳ್ಳೋಣ" ಅಂದರೆ ಒಪ್ಪಬಹುದು, ಆದರೆ ಖರ್ಚಿನ ಅಂದಾಜು ಬರೆಯುವುದು ನಿಮ್ಮ ಎಂಜಿನಿಯರ್, ಅವರ ಗೌಂಡಿ ಅಲ್ಲ.

ನೋಂದಣಿಯ ದಿನ ಬೆಳಿಗ್ಗೆ ಇನ್ನೊಮ್ಮೆ ಇಸಿ ತೆಗೆಯಿರಿ. ಕ್ರಯಪತ್ರದ ಕರಡಿನಲ್ಲಿರುವ ಚಕ್ಕುಬಂದಿಯನ್ನು ಹದ್ದುಬಸ್ತಿನ ನಕ್ಷೆ ಪಕ್ಕದಲ್ಲಿಟ್ಟು ಒಂದೊಂದೇ ಓದಿ. ಪತ್ರ ಬರಹಗಾರರು ಹಳೆ ಪತ್ರದಿಂದ ನಕಲು ಮಾಡುವ ಗಡಿಬಿಡಿಯಲ್ಲಿ ಪೂರ್ವ ಪಶ್ಚಿಮ ಅದಲು ಬದಲಾಗಿರುತ್ತದೆ. ಸಹಿಗೆ ಮುಂಚೆ ಸಿಕ್ಕರೆ ಎರಡು ನಿಮಿಷದ ಕೆಲಸ, ಆಮೇಲೆ ಸಿಕ್ಕರೆ ತಿದ್ದುಪಡಿ ಪತ್ರಕ್ಕೆ ಮಾರಿದವರನ್ನು ಮತ್ತೆ ಕಚೇರಿಗೆ ಕರೆತರಬೇಕು.